'ದೌ' ಅಂದರೆ 'ತಾವು' ಅಲ್ಲ, 'ನೀನು'

ಮಾನ್ಯ ಸಂಪಾದಕರೇ,

ಕಳೆದ ಗುರುವಾರ ಸಂಜೆ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಬ್ಯಾಗನ್ನು ಜಗಲಿಯ ಮೇಲಿಟ್ಟು ಒಂದೂ ಮಾತಾಡದೆ ಒಳಗೆ ಹೋದಳು. ಚಾ ಬೇಡ, ಗೋಳಿಬಜೆ ಬೇಡ. ಸ್ವಲ್ಪ ಹೊತ್ತಾದ ಮೇಲೆ ಇಂಗ್ಲಿಷ್ ಪರೀಕ್ಷೆಯ ಉತ್ತರ ಪತ್ರಿಕೆ ತಂದು ನನ್ನ ಮಡಿಲಲ್ಲಿಟ್ಟಳು. ಹಳೆಯ ಪದ್ಯವೊಂದರಲ್ಲಿ ಬಂದ 'ದೌ' ಎಂಬ ಪದದ ಅರ್ಥ ಬರೆಯಿರಿ ಅಂತ ಪ್ರಶ್ನೆ, 2 ಅಂಕ. ಇವಳು ಬರೆದದ್ದು ಇಷ್ಟು: ಒಬ್ಬರೇ ಇರುವಾಗ, ಆಪ್ತರಿಗೋ ತನಗಿಂತ ಕೆಳಗಿನವರಿಗೋ ಹೇಳುವ ಪದ, ಕನ್ನಡದ 'ನೀನು' ಇದ್ದ ಹಾಗೆ. ಅದರ ಮೇಲೆ ಕೆಂಪು ಶಾಯಿಯ ಗೆರೆ. ಪಕ್ಕದಲ್ಲಿ 'ಗೌರವ ಸೂಚಿಸುವ ಪದ' ಅಂತ ತಿದ್ದಿದ್ದಾರೆ. ಅಂಕ ಸೊನ್ನೆ.

ಆ ಉತ್ತರ ಅವಳಿಗೆ ಹೇಳಿಕೊಟ್ಟವಳು ನಾನು. ಉತ್ತರ ಸರಿಯೇ ಇದೆ. ಅದಕ್ಕೇ ಈ ಪತ್ರ.

ಮರುದಿನ ಶಾಲೆಗೆ ಹೋದೆ. ಟೀಚರ್ ಒಳ್ಳೆಯ ಹುಡುಗಿ, ಕೂರಿಸಿ ಮಾತಾಡಿದರು, ಗೈಡ್ ತೆಗೆದು ತೋರಿಸಿದರು. ಅದರಲ್ಲೂ ಹಾಗೇ ಅಚ್ಚಾಗಿದೆ. "ದೇವರನ್ನೇ ದೌ ಅಂತ ಕರೆಯುತ್ತಾರಲ್ಲ ಅಮ್ಮ, ಅಂದ ಮೇಲೆ ಅದು ಗೌರವದ ಪದವೇ ಅಲ್ವಾ?" ಅಂತ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಉದ್ದ. ಬೆಲ್ ಹೊಡೆಯಿತು, ಅವರು ಕ್ಲಾಸಿಗೆ ಹೋಗಬೇಕಿತ್ತು. ನಾನು ಹೇಳಲಾಗದೆ ಉಳಿದದ್ದನ್ನು ನಿಮ್ಮ ಪತ್ರಿಕೆಯ ಮೂಲಕ ಹೇಳುತ್ತೇನೆ, ಯಾಕೆಂದರೆ ಈ ತಪ್ಪು ಒಂದೇ ಶಾಲೆಯದ್ದಲ್ಲ. ಆ ಗೈಡ್ ನಮ್ಮ ಜಿಲ್ಲೆಯಲ್ಲಿ ಇನ್ನೆಷ್ಟು ಮಕ್ಕಳ ಬ್ಯಾಗಿನಲ್ಲಿದೆಯೋ.

ಇಂಗ್ಲಿಷಿನಲ್ಲಿ ಒಂದು ಕಾಲದಲ್ಲಿ ನಮ್ಮ ಹಾಗೇ ಎರಡು ಪದ ಇದ್ದವು. 'ದೌ' ಅಂದರೆ ನೀನು, 'ಯೀ' ಅಂದರೆ ನೀವು. 'ದೀ' ಅಂದರೆ ನಿನ್ನನ್ನು, ನಿನಗೆ. 'ದೈ', 'ದೈನ್' ಅಂದರೆ ನಿನ್ನ, ನಿನ್ನದು. ಈಗ ಎಲ್ಲರೂ ಹೇಳುವ 'ಯೂ' ಇದೆಯಲ್ಲ, ಅದು ಮೊದಲು 'ನೀವು' ಕೂಡ ಅಲ್ಲ, 'ನಿಮ್ಮನ್ನು, ನಿಮಗೆ' ಅಷ್ಟೇ. ಆಮೇಲೆ ಅದು 'ಯೀ'ಯ ಜಾಗವನ್ನೂ ತಾನೇ ಹಿಡಿಯಿತು. ಮೊದಮೊದಲು ಒಬ್ಬರಿದ್ದರೆ ದೌ, ಜಾಸ್ತಿ ಜನ ಇದ್ದರೆ ಯೀ, ಇಷ್ಟೇ ಲೆಕ್ಕ. 13ನೇ ಶತಮಾನದ ಹೊತ್ತಿಗೆ, ಫ್ರೆಂಚರ ರೀತಿ ನೋಡಿ, ದೊಡ್ಡವರು ಒಬ್ಬರೇ ಇದ್ದರೂ ಅವರಿಗೆ ಬಹುವಚನ ಹಾಕುವ ಪದ್ಧತಿ ಬಂತು. ಹಾಗಾಗಿ ರಾಜನಿಗೆ, ಯಜಮಾನನಿಗೆ, ಅಪ್ಪನಿಗೆ 'ಯೂ'. ಮಗುವಿಗೆ, ಆಳಿಗೆ, ಗೆಳೆಯನಿಗೆ, ಪ್ರೀತಿಸಿದವಳಿಗೆ 'ದೌ'. ನಮಗೆ ಇದನ್ನು ಯಾರಾದರೂ ವಿವರಿಸಬೇಕಾ? ನಮ್ಮ ಮನೆಗಳಲ್ಲಿ ಅಮ್ಮನಿಗೆ ನೀನು, ಅಪ್ಪನಿಗೆ ನೀವು. ತುಳುವಿನಲ್ಲಿ ಈ ಮತ್ತು ಈರ್. ಕೊಂಕಣಿಯಲ್ಲಿ ತೂಂ ಮತ್ತು ತುಮಿ. ಲಂಡನ್ನಿನ ಮಗುವಿಗೆ ಈ ವ್ಯತ್ಯಾಸ ಪುಸ್ತಕ ಓದಿ ತಿಳಿಯಬೇಕು. ಕಲ್ಯಾಣಪುರದ ಮಗುವಿಗೆ ಅದು ತೊಟ್ಟಿಲಲ್ಲೇ ಬಂದಿರುತ್ತದೆ. ಅಂಥ ಮಗುವಿಗೆ ನಾವು ತಪ್ಪು ಹೇಳಿಕೊಡುತ್ತಿದ್ದೇವಲ್ಲ ಅಂತ ನನಗೆ ಸಂಕಟ.

ಕ್ರಿಯಾಪದ ಕೂಡ ನಮ್ಮ ಹಾಗೇ ಬದಲಾಗುತ್ತಿತ್ತು. ನೀನು ಹೋಗುತ್ತೀ, ನೀವು ಹೋಗುತ್ತೀರಿ ಅಂತ ನಾವು ಹೇಳುವ ಹಾಗೆ ಅವರು 'ದೌ ಗೋಯೆಸ್ಟ್', 'ಯೀ ಗೋ' ಅನ್ನುತ್ತಿದ್ದರು. ಪದ್ಯಗಳಲ್ಲಿ 'ದೌ ಆರ್ಟ್' ಅಂತ ಬಂದಾಗ ಮಕ್ಕಳು ಅದು ಚಿತ್ರಕಲೆಯ ಆರ್ಟ್ ಅಂದುಕೊಳ್ಳುತ್ತಾರೆ. ಅದು 'ನೀನು ಇದ್ದೀ' ಅಷ್ಟೇ.

ಈಗ ದೇವರ ಪ್ರಶ್ನೆಗೆ ಬರುತ್ತೇನೆ. ನಮ್ಮ ಮನೆಯ ಬೇಲಿಯಾಚೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಕುಟುಂಬ ಇದೆ. ಸಂಜೆ ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವಾಗ ಆ ಮನೆಯ ಬಾಯಮ್ಮನ ಸ್ವರ ನಮ್ಮ ಅಡಿಗೆಮನೆಗೆ ಕೇಳಿಸುತ್ತದೆ. 'ಆಮ್ಚ್ಯಾ ಬಾಪಾ' ಅಂತ ದೇವರನ್ನು ಕರೆದು 'ತುಜೆಂ ನಾಂವ್' ಅನ್ನುತ್ತಾರೆ. ನಿನ್ನ ಹೆಸರು. ಅದೇ ಪ್ರಾರ್ಥನೆ ಇಂಗ್ಲಿಷಿನಲ್ಲಿ 'ದೈ ನೇಮ್'. ಕನ್ನಡದಲ್ಲಿ 'ನಿನ್ನ ನಾಮ'. ಮೂರರಲ್ಲೂ ಏಕವಚನವೇ. ನಮ್ಮ ಉಡುಪಿಯಲ್ಲಿ ಕನಕನ ಕಿಂಡಿಯ ಎದುರು ನಿಂತು ಕಣ್ಣು ತುಂಬಿಕೊಂಡವರು ಯಾರಾದರೂ ಕೃಷ್ಣನಿಗೆ 'ತಾವು ದಯವಿಟ್ಟು ಬನ್ನಿ' ಅನ್ನುತ್ತಾರಾ? ಬಾರೋ ಅನ್ನುತ್ತಾರೆ, ನೀನೇ ಗತಿ ಅನ್ನುತ್ತಾರೆ. ದಾಸರು ಹಾಗೇ ಕರೆದರು. ಅದು ಗೌರವ ಕಡಿಮೆಯಾಗಿ ಅಲ್ಲ, ನಡುವೆ ಅಂತರ ಇಲ್ಲ ಅಂತ. ಇಂಗ್ಲಿಷಿನ 'ದೌ' ದೇವರಿಗೆ ಸಲ್ಲುವುದೂ ಹಾಗೇ.

ಹಾಗಾದರೆ ಈ ಗೊಂದಲ ಎಲ್ಲಿಂದ ಬಂತು? ಇಂಗ್ಲೆಂಡಿನಲ್ಲಿ 1611ರಲ್ಲಿ ದೊರೆ ಜೇಮ್ಸ್‌ನ ಅಪ್ಪಣೆಯ ಮೇರೆಗೆ ಬೈಬಲ್ಲಿನ ಅನುವಾದ ಅಚ್ಚಾಯಿತು. ಅದರಲ್ಲಿ ಒಬ್ಬರಿಗೆ ಹೇಳುವ ಕಡೆಯಲ್ಲೆಲ್ಲ ದೌ ಹಾಕಿದರು. ದೇವರಿಗೂ ದೌ, ಕಳ್ಳನಿಗೂ ದೌ, ಸೈತಾನನಿಗೂ ದೌ. ಹೀಬ್ರೂ, ಗ್ರೀಕ್ ಮೂಲದಲ್ಲಿ ಏಕವಚನ ಬಹುವಚನ ಬೇರೆ ಬೇರೆ ಇದ್ದುದರಿಂದ ಅದನ್ನು ಉಳಿಸಿಕೊಂಡರು. ಅಷ್ಟರಲ್ಲಿ ಪೇಟೆಯ ಮಾತಿನಲ್ಲಿ ದೌ ಸವೆಯತೊಡಗಿತ್ತು. ಯಾರನ್ನಾದರೂ ಏಕವಚನದಲ್ಲಿ ಕರೆದು ಬೇಜಾರು ಮಾಡುವುದಕ್ಕಿಂತ ಎಲ್ಲರಿಗೂ 'ಯೂ' ಅಂದುಬಿಡುವುದು ಸುಲಭ ಅಲ್ವಾ? ನೂರು ವರ್ಷ ಕಳೆಯುವಷ್ಟರಲ್ಲಿ ಅದು ಸಾಮಾನ್ಯ ಮಾತಿನಿಂದ ಹೋಯಿತು. ಯಾರ್ಕ್‌ಶೈರ್, ಲ್ಯಾಂಕಶೈರ್ ಮುಂತಾದ ಕಡೆಯ ಹಳ್ಳಿಗಳ ಆಡುಮಾತಿನಲ್ಲಿ ಉಳಿಯಿತು. ಇಗರ್ಜಿಯಲ್ಲಿ ಮಾತ್ರ ಕಿವಿಗೆ ಬೀಳುವ ಪದ ಆದದ್ದರಿಂದ ಜನ ಅದನ್ನು ದೊಡ್ಡ ಮರ್ಯಾದೆಯ ಪದ ಅಂದುಕೊಂಡರು. ಅಂದರೆ ಇಂಗ್ಲಿಷರು ಬಿಟ್ಟದ್ದು 'ನೀನು'. ಇಟ್ಟುಕೊಂಡದ್ದು 'ನೀವು'. ಇವತ್ತು ಅವರು ನಾಯಿಗೂ ನೀವು ಅಂತಲೇ ಹೇಳುತ್ತಿದ್ದಾರೆ.

ದೌ ಗೌರವದ ಪದ ಆಗಿದ್ದರೆ ಈ ಘಟನೆ ನಡೆಯುತ್ತಲೇ ಇರಲಿಲ್ಲ, ನೋಡಿ. 1603ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಪ್ಲೇಗ್ ಇದ್ದ ಕಾರಣ ವಾಲ್ಟರ್ ರಾಲಿಯ ರಾಜದ್ರೋಹದ ವಿಚಾರಣೆ ವಿಂಚೆಸ್ಟರಿನಲ್ಲಿ ನಡೆಯಿತು. ರಾಲಿ ಅಂದರೆ ಸಮುದ್ರ ಸುತ್ತಿದವ, ಕವಿ, ಹಿಂದಿನ ರಾಣಿಗೆ ಬೇಕಾದವ. ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ವಾದ ಮಾಡುತ್ತಾ ಮಾಡುತ್ತಾ ಸಿಟ್ಟು ನೆತ್ತಿಗೇರಿ, ನಿನ್ನನ್ನು ನಾನು 'ದೌ' ಅಂತಲೇ ಕರೆಯುತ್ತೇನೆ, ದ್ರೋಹಿ, ಅಂದ. ಅಲ್ಲಿ ದೌ ಅನ್ನುವುದೇ ಬೈಗುಳ. ಆ ಪದವನ್ನೇ ಕ್ರಿಯಾಪದ ಮಾಡಿ ಮುಖಕ್ಕೆ ಎಸೆದ.

ನಮ್ಮೂರಿನವರಿಗೆ ಇದು ಥಟ್ಟನೆ ಅರ್ಥ ಆಗುತ್ತದೆ. ತಾಳಮದ್ದಳೆಗೆ ಹೋಗಿ ಕೂತವರಿಗೆ ಗೊತ್ತು, ಇಬ್ಬರು ಅರ್ಥಧಾರಿಗಳು ಶುರುವಿಗೆ ಎಷ್ಟು ನಯವಾಗಿ ಮಾತಾಡುತ್ತಾರೆ, ತಾವು ಬಂದದ್ದು ನಮ್ಮ ಭಾಗ್ಯ ಅನ್ನುತ್ತಾರೆ, ಒಂದು ಗಂಟೆ ಕಳೆದು ವಾದ ಬಿಸಿಯಾಗುತ್ತಿದ್ದ ಹಾಗೆ ತಾವು ಹೋಗಿ ನೀವು, ನೀವು ಹೋಗಿ ನೀನು, ಕೊನೆಗೆ 'ಎಲವೋ'. ಆ 'ಎಲವೋ' ಬಿದ್ದ ಕ್ಷಣ ಸಭೆಯಲ್ಲಿ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಾರೆ. ಇಂಗ್ಲಿಷಿನಲ್ಲಿ 'ಎಲವೋ'ಗೆ ಸರಿಯಾದ ಹಳೆಯ ಪದ 'ಸಿರ್ರಾ'. 'ಸರ್' ಎಂಬ ಪದದಿಂದಲೇ ಬಂದದ್ದು, ಆದರೆ ಆಳಿಗೆ, ಹುಡುಗನಿಗೆ, ಕಾಲು ಕೆರೆದು ಬಂದವನಿಗೆ ಹೇಳುವುದು. ಮಕ್ಕಳ ಗೈಡಿನಲ್ಲಿ ಇದಕ್ಕೆ 'ಮಹಾಶಯ' ಅಂತ ಅರ್ಥ ಕೊಟ್ಟಿದ್ದಾರೆ. ಓದಿ ನಿಜಕ್ಕೂ ಬೇಸರ ಆಯಿತು.

ಅದೇ ಶತಮಾನದ ನಡುವಿನಲ್ಲಿ ಕ್ವೇಕರ್ ಎಂಬ ಪಂಥದವರು ಹುಟ್ಟಿಕೊಂಡರು. ದೇವರ ಎದುರು ಎಲ್ಲರೂ ಸಮಾನ, ಹಾಗಾಗಿ ಯಾರಿಗೂ ಬಹುವಚನ ಹಾಕುವುದಿಲ್ಲ, ಯಾರೆದುರೂ ಟೊಪ್ಪಿ ತೆಗೆಯುವುದಿಲ್ಲ ಅಂದರು. ನ್ಯಾಯಾಧೀಶರಿಗೂ ದೌ ಅಂದರು. ಏಟು ತಿಂದರು, ಜೈಲಿಗೆ ಹೋದರು. ಒಂದು ಸರ್ವನಾಮಕ್ಕಾಗಿ ಪೆಟ್ಟು ತಿಂದ ಜನ ಅವರು. ದೌ ಅಂದರೆ 'ತಾವು' ಆಗಿದ್ದರೆ ಅವರಿಗೆ ಯಾರು ಹೊಡೆಯುತ್ತಿದ್ದರು?

ಇನ್ನೊಂದು ಸಾಕ್ಷಿ ನಮ್ಮ ಮಂಗಳೂರಿನಲ್ಲೇ ಇದೆ. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ಕೋಶ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಬಂತು. ಅದರಲ್ಲಿ 'ನೀನು' ತೆಗೆದು ನೋಡಿ, ಎದುರಿಗೆ ಇರುವ ಇಂಗ್ಲಿಷ್ ಪದ ದೌ. ಆ ಕಾಲದಲ್ಲಿ ಕನ್ನಡ ವ್ಯಾಕರಣ ಬರೆದ ಪಾದ್ರಿಗಳಿಗೆಲ್ಲ ದೌ ಬೇಕೇ ಬೇಕಾಗಿತ್ತು, ಯಾಕೆಂದರೆ ನಮ್ಮ 'ನೀನು'ವನ್ನು ಬರೀ 'ಯೂ'ನಿಂದ ತೋರಿಸಲು ಬರುವುದಿಲ್ಲ.

ಕೊಂಕಣಿಯ 'ತೂಂ' ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಸಾವಿರ ವರ್ಷದ ಹಿಂದೆ ದೌ ಎಂಬುದರ ಉಚ್ಚಾರ ದೌ ಅಲ್ಲ, 'ಥೂ' ಅಂತ ಎಳೆದು ಹೇಳುತ್ತಿದ್ದರು. ಜರ್ಮನರದ್ದು 'ದೂ', ಹಿಂದಿಯದ್ದು 'ತೂ', ಕೊಂಕಣಿಯದ್ದು 'ತೂಂ', ಎಲ್ಲ ಒಂದೇ ಬೇರಿನ ಚಿಗುರು. ಬಾಯಮ್ಮನಿಗೆ ಇದನ್ನು ಹೇಳಿದಾಗ ಅವರು ಬೇಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಅವರದ್ದು ಹೋಯಿತು, ನಮ್ಮದು ಉಳಿಯಿತು" ಅಂದರು.

ನಾನು ಅಂಚೆ ಇಲಾಖೆಯಲ್ಲಿ 34 ವರ್ಷ ಕೆಲಸ ಮಾಡಿದವಳು. ಕರೆಯುವ ಪದಗಳ ಮೇಲೆ ನನಗೆ ಆಸೆ ಹುಟ್ಟಿದ್ದು ಅಲ್ಲಿ, ಲಕೋಟೆಗಳ ಮೇಲೆ. ಸೇರಿದ ಹೊಸತರಲ್ಲಿ ಟೈಪ್ ಮಾಡಿದ ಕೆಲವು ಲಕೋಟೆಗಳಲ್ಲಿ ಹೆಸರಿನ ಹಿಂದೆ ಏನೂ ಇರುತ್ತಿರಲಿಲ್ಲ, ಮುಂದೆ ಅಲ್ಪವಿರಾಮ ಹಾಕಿ 'ಎಸ್ಕ್ವಯರ್' ಅಂತ ಇರುತ್ತಿತ್ತು. ಅದು ಊರಿನ ಹೆಸರು ಅಂದುಕೊಂಡು ವಿಂಗಡಿಸುವಾಗ ತಡೆದು ಹಿರಿಯರನ್ನು ಕೇಳಿದ್ದೆ. ನಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು, ಅವರ ಟ್ರಂಕಿನಲ್ಲೂ ಅಂಥ ಒಂದು ಲಕೋಟೆ ಸಿಕ್ಕಿತು, ಹಳದಿ ಹಿಡಿದದ್ದು, ಅಂಚು ಗೆದ್ದಲು ತಿಂದದ್ದು, ಅಜ್ಜನ ಹೆಸರಿನ ಎದುರು ನೇರಳೆ ಅಕ್ಷರದಲ್ಲಿ ಎಸ್ಕ್ವಯರ್. ಆ ಪದದ ಮೂಲ ಅರ್ಥ ಗುರಾಣಿ ಹೊರುವವನು. ಯುದ್ಧಕ್ಕೆ ಹೋಗುವ ನೈಟ್‌ನ ಹಿಂದೆ ಅವನ ಗುರಾಣಿ ಹಿಡಿದು ನಡೆಯುವ ಹುಡುಗ. ಆಮೇಲೆ ನೈಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ದರ್ಜೆ ಆಯಿತು, ಆಮೇಲೆ ಮರ್ಯಾದಸ್ತ ಗಂಡಸು ಯಾರೇ ಆದರೂ ಆಯಿತು. ಮಿಸ್ಟರ್ ಹಾಕಿದರೆ ಎಸ್ಕ್ವಯರ್ ಹಾಕಬಾರದು, ಅದು ನಿಯಮ. ಇನ್ನು ಆ ನೈಟ್ ಎಂಬ ಪದಕ್ಕೂ ಮೊದಲಿನ ಅರ್ಥ ಬರೀ ಹುಡುಗ, ಆಳು ಅಂತ ಮಾತ್ರ.

ಒಳಗಿನ ಕಾಗದದ ಕೊನೆಯಲ್ಲಿ 'ತಮ್ಮ ಅತ್ಯಂತ ವಿಧೇಯ ಸೇವಕ' ಅಂತ ಅರ್ಥ ಬರುವ ಸಾಲು, ಕೆಳಗೆ ಸಹಿ. ಬರೆದವರು ಅಜ್ಜನಿಗಿಂತ ದೊಡ್ಡ ಹುದ್ದೆಯವರು! ಆಗಿನ ರೀತಿ ಹಾಗಿತ್ತು. ಈಗಲೂ ನಮ್ಮ ಮಕ್ಕಳು ರಜೆ ಅರ್ಜಿಯಲ್ಲಿ 'ಯುವರ್ಸ್ ಒಬೀಡಿಯಂಟ್ಲಿ' ಅಂತ ಬರೆಯುತ್ತಾರೆ. ಇದು ಯಾವ ಗಿಡದ ಬೀಳಲು ಅಂತ ಯಾರಾದರೂ ಅವರಿಗೆ ಹೇಳಿದ್ದಾರಾ?

ಸರ್ ಅನ್ನುವುದು ಲ್ಯಾಟಿನ್ನಿನ ಸೀನಿಯರ್ ಎಂಬ ಪದದ ಮೊಮ್ಮಗು. ಹಿರಿಯರೇ ಅಂತ ಅರ್ಥ. ಮೇಡಂ ಅಂದರೆ ಫ್ರೆಂಚಿನಲ್ಲಿ 'ನನ್ನ ಒಡತಿ'. ಮಿಸ್ಟರ್ ಎಂಬುದು ಮಾಸ್ಟರ್ ಸವೆದು ಆದದ್ದು, ಅದರ ಹಿಂದೆ ಲ್ಯಾಟಿನ್ನಿನ ಮಜಿಸ್ಟರ್. ಅಲ್ಲಿ ಯಜಮಾನ ಅಂತಲೂ ಗುರು ಅಂತಲೂ ಅರ್ಥ ಇದೆ. ನಮ್ಮ 'ಮಾಸ್ಟ್ರೆ' ಗುರುವನ್ನೇ ಹಿಡಿದುಕೊಂಡಿದೆ.

ಹಳೆಯ ಇಂಗ್ಲೆಂಡಿನಲ್ಲಿ ಮಾಸ್ಟರ್, ಮಿಸ್ಟ್ರೆಸ್ ಅಂತ ಕರೆಸಿಕೊಳ್ಳಲು ಆಸ್ತಿ ಅಂತಸ್ತು ಬೇಕಿತ್ತು. ಸಾಮಾನ್ಯ ರೈತ ಗೃಹಸ್ಥ 'ಗುಡ್‌ಮನ್', ಅವನ ಹೆಂಡತಿ 'ಗುಡ್‌ವೈಫ್', ಬಾಯಲ್ಲಿ ಸವೆದು 'ಗುಡಿ'. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟಗಾತಿಯರು ಅಂತ ಆರೋಪ ಹೊತ್ತ ಹೆಂಗಸರ ಹೆಸರಿನ ಹಿಂದೆ ಈ 'ಗುಡಿ' ಕಾಣುತ್ತದೆ. ಓದುವವರು ಅದನ್ನು ಒಳ್ಳೆಯವಳು ಅಂತ ತಿಳಿಯಬಾರದು. ಅದು ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ನಮ್ಮ 'ಅಕ್ಕೇರೆ' ಇದ್ದ ಹಾಗೆ, ಆದರೆ ಶ್ರೀಮಂತರ ಮನೆಯವಳಲ್ಲ ಅಂತ ಗುರುತು ಕೂಡ ಅದರಲ್ಲೇ ಇತ್ತು.

ಹೆಣ್ಣುಮಕ್ಕಳಿಗೆ ಇದ್ದ ಪದಗಳಿಗೆ ಆಮೇಲೆ ಏನಾಯಿತು ಅಂತ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಮಾಸ್ಟರ್ ಯಜಮಾನನಾಗಿಯೇ ಉಳಿದ, ಮಿಸ್ಟ್ರೆಸ್ ಎಂಬ ಯಜಮಾನಿ ಮಾತ್ರ ಇಟ್ಟುಕೊಂಡವಳು ಅನ್ನುವ ಅರ್ಥಕ್ಕೆ ಇಳಿದಳು. ಹೌಸ್‌ವೈಫ್ ಎಂಬ ಪದವೇ ಸವೆದು 'ಹಸ್ಸಿ' ಆಯಿತು, ಈಗ ಅದು ನಾಚಿಕೆ ಬಿಟ್ಟವಳು. 'ವೆಂಚ್' ಅಂದರೆ ಮೊದಲು ಮಗು. 'ಗಾಸಿಪ್' ಇದೆಯಲ್ಲ, ಅದು ಮಗುವಿನ ದೀಕ್ಷಾಸ್ನಾನದಲ್ಲಿ ಜೊತೆಗೆ ನಿಲ್ಲುವ ಸಂಬಂಧದ ಹೆಸರು, ನಮ್ಮಲ್ಲಿ ಬೀಗರೇ ಅಂತ ಕರೆಯುವ ಹಾಗೆ ಕರೆಯುತ್ತಿದ್ದರು. ಆಪ್ತ ಗೆಳತಿಯರೂ ಹಾಗೇ ಕರೆದುಕೊಂಡರು. ಗೆಳತಿಯರು ಕೂತು ಮಾತಾಡಿದ್ದೇ ತಪ್ಪಾಗಿ ಅದಕ್ಕೆ ಚಾಡಿ ಅಂತ ಅರ್ಥ ಬಂತು.

ಮಿಸ್ಸಸ್ ಕೂಡ ಮಿಸ್ಟ್ರೆಸ್‌ನದ್ದೇ ಗಿಡ್ಡ ರೂಪ. ಒಂದು ಕಾಲದಲ್ಲಿ ಅದು ಮದುವೆಯ ಗುರುತೇ ಅಲ್ಲ, ಅಂತಸ್ತಿನ ಗುರುತು. ಮದುವೆಯಾಗದ ದೊಡ್ಡ ಹೆಂಗಸಿಗೂ ಸಲ್ಲುತ್ತಿತ್ತು. ಮಿಸ್ ಇದ್ದದ್ದು ಸಣ್ಣ ಹುಡುಗಿಯರಿಗೆ. ನಾನು ಕೌಂಟರಿನಲ್ಲಿ ಕೂತಿದ್ದಾಗ ಉಳಿತಾಯ ಖಾತೆಯ ಫಾರಂನಲ್ಲಿ ಕುಮಾರಿಯೋ ಶ್ರೀಮತಿಯೋ ಅಂತ ಗುರುತು ಹಾಕುವಲ್ಲಿ ಎಷ್ಟೋ ಹೆಂಗಸರ ಪೆನ್ನು ನಿಂತದ್ದನ್ನು ನೋಡಿದ್ದೇನೆ. ಗಂಡ ತೀರಿಕೊಂಡವರು, ಬಿಟ್ಟುಹೋದವರು. ಒಬ್ಬಾಕೆ ತಲೆ ತಗ್ಗಿಸಿ ಮೆಲ್ಲಗೆ "ಯಾವುದು ಹಾಕಲಿ ಅಕ್ಕ?" ಅಂತ ತುಳುವಿನಲ್ಲಿ ಕೇಳಿದ್ದು ಇವತ್ತಿಗೂ ಮರೆತಿಲ್ಲ. ಪಕ್ಕದ ಗಂಡಸು ಶ್ರೀ ಅಂತ ಹಾಕಿ ಹೋಗಿಬಿಟ್ಟಿದ್ದ. ಎರಡಕ್ಕೂ ಸಲ್ಲುವ 'ಮಿಝ್' ಅಂತ ಒಂದು ಪದ ಇರಲಿ ಎಂಬ ಸಲಹೆ 1901ರಲ್ಲೇ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ಪತ್ರಿಕೆಯೊಂದರಲ್ಲಿ ಬಂದಿತ್ತು. ಬಳಕೆಗೆ ಬರಲು 1970ರ ದಶಕ ಆಗಬೇಕಾಯಿತು.

ಕೋರ್ಟಿನ 'ಮೈ ಲಾರ್ಡ್' ಬಗ್ಗೆ ಹೆಚ್ಚು ಎಳೆಯುವುದಿಲ್ಲ. ಲಾರ್ಡ್ ಅನ್ನುವುದು ಮೂಲದಲ್ಲಿ ರೊಟ್ಟಿಯ ಕಾವಲಿನವನು, ಲೇಡಿ ರೊಟ್ಟಿಯ ಹಿಟ್ಟು ನಾದುವವಳು. ನಮ್ಮ ಅನ್ನದಾತ, ಧಣಿ ಎಲ್ಲ ನೆನಪಾಗುತ್ತದೆ. ಬಾರ್ ಕೌನ್ಸಿಲ್ 2006ರಲ್ಲೇ ಇದು ವಸಾಹತು ಕಾಲದ ಉಳಿಕೆ ಅಂತ ಹೇಳಿ, ಕೆಳಗಿನ ಕೋರ್ಟುಗಳಲ್ಲಿ ಸರ್ ಅಥವಾ ಪ್ರಾದೇಶಿಕ ಭಾಷೆಯ ಸಮಾನ ಪದ ಸಾಕು ಅಂದಿದೆ. ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಕೃಷ್ಣ ಭಟ್ ಅವರು 2021ರಲ್ಲಿ ತಮ್ಮನ್ನು ಸರ್ ಅಂದರೆ ಸಾಕು ಅಂತ ವಕೀಲರನ್ನು ಕೇಳಿಕೊಂಡರು. ರಾಷ್ಟ್ರಪತಿಯಾಗಿದ್ದ ಪ್ರಣಬ್ ಮುಖರ್ಜಿ 2012ರಲ್ಲಿ 'ಹಿಸ್ ಎಕ್ಸಲೆನ್ಸಿ' ಬೇಡ ಅಂದರು. ದೊಡ್ಡವರೇ ಬಿಡಲು ತಯಾರಿದ್ದಾರೆ.

ಬಿಡುವುದೋ ಇಟ್ಟುಕೊಳ್ಳುವುದೋ ಆಮೇಲಿನ ಮಾತು, ಮೊದಲು ಅರ್ಥ ಸರಿಯಾಗಿ ಗೊತ್ತಿರಬೇಕು. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ವಾರಕ್ಕೊಮ್ಮೆ ಬರುವ ನಿಮ್ಮ ವಿದ್ಯಾರ್ಥಿ ಪುರವಣಿಯಲ್ಲಿ ಈ ಪದಗಳ ಬಗ್ಗೆ ಒಂದು ಪುಟ ಹಾಕಿಸಿ. ಪಾಠಕ್ಕೆ ಪದ ಪಟ್ಟಿ ಮಾಡುವಾಗ 'ಹಳೆಯ ಗೌರವ ಪದ' ಅಂತ ಸುಮ್ನೆ ಬರೆದು ಮುಗಿಸದೆ, ಕನ್ನಡದ, ತುಳುವಿನ, ಕೊಂಕಣಿಯ, ಬ್ಯಾರಿಯ ಸಮಾನ ಪದ ಕೊಡಿಸಿ. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಬಾರದು ಅನ್ನುವ ಶಾಲೆಗಳು ಈ ಒಂದು ವಿಷಯದಲ್ಲಾದರೂ ಟೀಚರ್‌ಗಳಿಗೆ ಬಾಯಿ ಬಿಡಲು ಬಿಡಲಿ, ದೌ ಅಂದರೆ ನೀನು ಅಂತ ಹೇಳಲು ಅರ್ಧ ನಿಮಿಷ ಸಾಕು. ಆ ಗೈಡ್ ಅಚ್ಚು ಹಾಕಿದವರಿಗೂ ಬೇರೆಯಾಗಿ ಬರೆದಿದ್ದೇನೆ.

ಮೊಮ್ಮಗಳ 2 ಅಂಕ ವಾಪಸ್ ಕೊಡಿ ಅಂತಲೂ ಕೇಳಿದ್ದೇನೆ. ಏನಾದರೂ ಆಧಾರ ತೋರಿಸಿದರೆ ನೋಡುತ್ತೇನೆ ಅಂದಿದ್ದಾರೆ ಟೀಚರ್. ಸೋಮವಾರ ಕಿಟ್ಟೆಲ್ ಕೋಶದ ಆ ಪುಟದ ಝೆರಾಕ್ಸ್ ಮಾಡಿಸಿಕೊಂಡು ಹೋಗುತ್ತೇನೆ.

ಇಂತಿ,
ನಿವೃತ್ತ ಅಂಚೆ ಸಹಾಯಕಿ,
ಕಲ್ಯಾಣಪುರ, ಉಡುಪಿ